ಹಿಡಿಕೆ ಬಿಡುವವಳು

ಆನೆಗೊಂದಿಯ ಹತ್ತಿರ ಹೊಳೆಯ ದಂಡೆಗೆ ನಮ್ಮದೊಂದು ಬಾಳೆ ತೋಟವಿದೆ. ಅಲ್ಲಿ ಅಣ್ಣ ಮತ್ತು ನಾನು ಇಬ್ಬರೇ ಇದ್ದೆವು. ಮದುವೆಯಾಗಿ ವರ್ಷ ತುಂಬುವ ಮೊದಲೇ ತವರಿಗೆ ಮರಳಿದವಳು ನಾನು. ಮದುವೆಯ ಮಾತು ಬಂದಾಗಲೆಲ್ಲ ನಕ್ಕು ಎದ್ದುಹೋಗುತ್ತಿದ್ದವನು ಅಣ್ಣ. ಹೋದ ಮಳೆಗಾಲದಲ್ಲಿ ಅವನು ಎದೆನೋವು ಬಂದು ತೀರಿಕೊಂಡ. ಆಮೇಲೆ ತೋಟದ ಕೆಲಸ ನಿಲ್ಲಲಿಲ್ಲ, ಮಾತು ನಿಂತಿತು. ಆಳುಗಳು ಬಂದ ದಿನ ಅವರೊಂದಿಗೆ ಅಷ್ಟಿಷ್ಟು ಮಾತು. ಉಳಿದ ದಿನಗಳಲ್ಲಿ ಎಮ್ಮೆಗೆ "ಅತ್ಲಾಗ ಸರಿ" ಅಂದರೆ ಅದೇ ಆ ದಿನದ ಮಾತು.

ಈ ಬೇಸಿಗೆಯಲ್ಲಿ ನಮ್ಮ ಹೊಲಗಳಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್, ನಮ್ಮ ಕಡೆ ಅನ್ನುವ ಟಿ.ಸಿ., ಸುಟ್ಟಿತು. ಮೋಟಾರು ನಿಂತಿತು. ಲೈನ್‌ಮನ್‌ಗೆ ಫೋನ್ ಮಾಡಿದೆ. "ಬ್ಯಾರೆ ಟಿ.ಸಿ. ಬರಬೇಕ್ರೀ ಅಕ್ಕಾರ, ಯಾವತ್ತ ಬರ್ತೈತಿ ಅಂತ ನಾ ಹ್ಯಾಂಗ ಹೇಳ್ಲಿ" ಅಂದ. ಬಾಳೆ ಗೊನೆ ಬಿಡುವ ಹೊತ್ತದು. ಎಲೆಗಳು ಮಧ್ಯಾಹ್ನಕ್ಕೇ ಮಡಚಿಕೊಳ್ಳತೊಡಗಿದವು.

ಹೊಳೆದಂಡೆಯ ತಗಡಿನ ಶೆಡ್ಡಿನಲ್ಲಿ ಅಪ್ಪನ ಕಾಲದ ಡೀಸೆಲ್ ಇಂಜಿನ್ ಇತ್ತು, ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವಂಥದ್ದು. ಎರಡೂ ಬದಿಗೆ ದೊಡ್ಡ ಗಾಲಿ, ತಲೆಯ ಮೇಲೆ ಬೆರಳುದ್ದದ ಒಂದು ಹಿಡಿಕೆ. ಆ ಹಿಡಿಕೆ ಎತ್ತಿದರೆ ಒಳಗಿನ ಗಾಳಿ ಹೊರಗೆ ಹೋಗಿ ಗಾಲಿ ಹಗುರಾಗಿ ತಿರುಗುತ್ತದೆ. ಗಾಲಿಗೆ ವೇಗ ಬಂದ ಮೇಲೆ ಹಿಡಿಕೆ ಕೆಳಗೆ ಬಿಟ್ಟರೆ ಗಾಳಿ ಒತ್ತಿಕೊಂಡು, ಡೀಸೆಲ್ ಹೊತ್ತಿಕೊಂಡು, ಇಂಜಿನ್ ಚಾಲೂ ಆಗುತ್ತದೆ. ಕರೆಂಟ್ ಕೈಕೊಟ್ಟಾಗ ಅಣ್ಣ ತಿರುಗಿಸುತ್ತಿದ್ದ, ನಾನು ಹಿಡಿಕೆ ಎತ್ತಿ ಹಿಡಿಯುತ್ತಿದ್ದೆ. "ಬಿಡು ತಂಗೀ" ಅಂದಾಗ ಬಿಡುತ್ತಿದ್ದೆ. ಆ ಇಂಜಿನ್ನಿನ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ.

ಬೆಳಿಗ್ಗೆ ಹೋಗಿ ಮೇಲೆ ಮುಚ್ಚಿದ್ದ ಗೋಣಿಚೀಲ ತೆಗೆದೆ. ಹೊಸ ಡೀಸೆಲ್ ತುಂಬಿಸಿದೆ, ಆಯಿಲ್ ನೋಡಿದೆ, ಪಂಪಿನ ಬಾಯಿಗೆ ಕೊಡದಿಂದ ನೀರು ಹೊಯ್ದೆ. ಹಿಡಿಕೆ ಎತ್ತಿ ನಿಲ್ಲಿಸಿ ಹ್ಯಾಂಡಲ್ ತಿರುಗಿಸಿದೆ. ಗಾಲಿ ಸುತ್ತಿತು. ಒಂದು ಕೈ ಬಿಟ್ಟು ಹಿಡಿಕೆ ಕೆಳಗೆ ತಳ್ಳಿದೆ. ಗಾಲಿ ಒಂದು ಸಲ ತಿಣುಕಿ ನಿಂತುಬಿಟ್ಟಿತು. ಮತ್ತೆ ಮಾಡಿದೆ, ಮತ್ತೆ ನಿಂತಿತು. ಹೊಗೆ ಕೂಡ ಬರಲಿಲ್ಲ. ಅಂಗೈ ಕೆಂಪಾಗಿ ಉರಿಯುತ್ತಿತ್ತು. ಅಲ್ಲೇ ಕಲ್ಲಿನ ಮೇಲೆ ಕುಳಿತೆ. ಹೊಳೆಯ ಆಚೆ ಬಂಡೆಗಳ ಮೇಲೆ ಬಿಸಿಲು ಏರುತ್ತಿತ್ತು. ಕೇಳೋಣವೆಂದರೆ ಯಾರನ್ನು ಕೇಳುವುದು?

ಕುಳಿತಲ್ಲೇ ಅಣ್ಣ ಏನೇನು ಮಾಡುತ್ತಿದ್ದನೆಂದು ನೆನಪು ಮಾಡಿಕೊಂಡೆ. ಅವನ ಕೈ ನೆನಪಾಗಲಿಲ್ಲ. ನಾನು ಯಾವಾಗಲೂ ಹಿಡಿಕೆಯನ್ನೇ ನೋಡುತ್ತ ನಿಲ್ಲುತ್ತಿದ್ದೆ. ಆದರೆ ಒಂದು ಸಪ್ಪಳ ನೆನಪಾಯಿತು. ಜೋರಾಗಿ ತಿರುಗಿಸುವ ಮೊದಲು ಅವನು ಹ್ಯಾಂಡಲನ್ನು ನಿಧಾನ ಸುತ್ತಿ, ತಲೆ ಬಾಗಿಸಿ ಕಿವಿಗೊಡುತ್ತಿದ್ದ. ಒಳಗಿಂದ "ಟರ್ರ್, ಟರ್ರ್" ಎಂದು ಹಲ್ಲಿ ಲೊಚಗುಟ್ಟಿದ ಹಾಗೆ ಕೇಳುತ್ತಿತ್ತು. ಆಮೇಲೆಯೇ ಅವನು ಅಂಗಿಯ ತೋಳು ಮಡಚುತ್ತಿದ್ದದ್ದು. ನಾನೂ ನಿಧಾನ ಸುತ್ತಿ ಕಿವಿಗೊಟ್ಟೆ. ಆ ಸಪ್ಪಳವಿರಲಿಲ್ಲ. ಡೀಸೆಲ್ ಒಳಗೆ ಹೋಗುತ್ತಿಲ್ಲ ಎಂದು ಆಗ ತಿಳಿಯಿತು.

ಪಾನಾ ತಂದು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿದೆ. ಗುಳ್ಳೆಗಳ ಜೊತೆ ಸ್ವಲ್ಪ ಡೀಸೆಲ್ ಒಸರಿತು, ನಿಂತಿತು. ತುಂಬಿಸಿದ ಡೀಸೆಲ್ ಎಲ್ಲಾದರೂ ಸೋರಿಹೋಯಿತೇ ಎಂದು ನೋಡಲು ಟ್ಯಾಂಕಿನ ಮುಚ್ಚಳ ತಿರುವಿದೆ. ಉಸಿರೆಳೆದ ಹಾಗೆ "ಸುಸ್" ಅಂದಿತು. ಕೆಳಗೆ ಸ್ಕ್ರೂ ಬಾಯಿಂದ ಡೀಸೆಲ್ ಸರಾಗವಾಗಿ ಸುರಿಯತೊಡಗಿತು. ಮುಚ್ಚಳ ತಿರುಗಿಸಿ ನೋಡಿದರೆ ಅದರ ನಡುವಿನ ಸಣ್ಣ ತೂತಿಗೆ ಕುಂಬಾರ ಹುಳ ಮಣ್ಣು ಮೆತ್ತಿತ್ತು. ಗಾಳಿ ಒಳಗೆ ಹೋಗದೆ ಡೀಸೆಲ್ ಕೆಳಗಿಳಿದಿರಲಿಲ್ಲ. ಸೆರಗಿನ ಪಿನ್ನು ತೆಗೆದು ಮಣ್ಣು ಕೆದರಿದೆ. ಗುಳ್ಳೆ ನಿಂತ ಮೇಲೆ ಸ್ಕ್ರೂ ಬಿಗಿದು, ಹಿಡಿಕೆ ಎತ್ತಿ, ಹ್ಯಾಂಡಲ್ ನಿಧಾನ ಸುತ್ತುತ್ತ ಹೋದೆ. ಎಷ್ಟೋ ಹೊತ್ತಿಗೆ ಒಳಗಿಂದ "ಟರ್ರ್" ಅಂದಿತು.

ಕಣ್ಣಲ್ಲಿ ನೀರು ಬಂತು. ಅಣ್ಣ ಸತ್ತ ದಿನ ಮನೆ ತುಂಬ ಜನ, ಅವರ ಊಟ-ನೀರು ನೋಡುವುದರಲ್ಲೇ ನನಗೆ ಸರಿಯಾಗಿ ಅಳಲು ಆಗಿರಲಿಲ್ಲ. ಈಗ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಅಲ್ಲೇ ಕುಳಿತು ಅತ್ತೆ.

ಆದರೆ ಗಾಲಿಗೆ ಬೇಕಾದ ವೇಗ ನನ್ನೊಂದು ಕೈಗೆ ಸಿಗಲಿಲ್ಲ. ಹಿಡಿಕೆ ಬಿಡಲು ಕೈ ತೆಗೆದರೆ ವೇಗ ಇಳಿದುಹೋಗುತ್ತಿತ್ತು. ಪಕ್ಕದ ಗದ್ದೆಯಲ್ಲಿ ಅಣ್ಣನ ಗೆಳೆಯ ಭಾಯಿ ಬದು ಕಡಿಯುತ್ತಿದ್ದರು. ಅಣ್ಣ ಹೋದ ಮೇಲೆ ನಮ್ಮ ತೋಟದೊಳಗೆ ಅವರು ಕಾಲಿಟ್ಟಿರಲಿಲ್ಲ. ಒಂಟಿ ಹೆಂಗಸಿನ ತೋಟವೆಂಬ ಸಂಕೋಚ. ಕರೆದ ಕೂಡಲೇ ಸನಿಕೆ ಬಿಟ್ಟು ಬಂದರು.

"ಸರೀರಿ ಅಕ್ಕಾರ, ನಾ ತಿರುವ್ತೀನಿ."

"ಬ್ಯಾಡ ಭಾಯಿ. ನಾ ತಿರುವ್ತೀನಿ. ನೀವು ಹಿಡಿಕಿ ಹಿಡೀರಿ."

ಅವರು ನನ್ನ ಮುಖ ನೋಡಿ, ಆ ಕಡೆ ಹೋಗಿ ಹಿಡಿಕೆ ಎತ್ತಿ ಹಿಡಿದರು. "ಹೆಬ್ಬೆರಳು ಸುತ್ತಬ್ಯಾಡ್ರಿ, ಬೆರಳಿನ ಸಂಗಾಟನ ಮ್ಯಾಲಿಡ್ರಿ. ಹ್ಯಾಂಡಲ್ ತಿರುಗಿ ಒದ್ದರ ಮಣಿಕಟ್ಟ ಮುರೀತೈತಿ" ಅಂದರು. ಎರಡೂ ಕೈಯಿಂದ ತಿರುಗಿಸಿದೆ. ಸೊಂಟ ಹಿಡಿಯಿತು, ಆದರೂ ನಾನು ಬಿಡಲಿಲ್ಲ. ಗಾಲಿ ಗುಂಯ್‌ಗುಟ್ಟಿದಾಗ "ಬಿಡ್ರಿ" ಅಂದೆ. ಬಿಳಿ ಹೊಗೆ ಬುಸ್ಸೆಂದಿತು. ಒಂದು ಪೆಟ್ಟು, ಇನ್ನೊಂದು ಪೆಟ್ಟು, ಆಮೇಲೆ ಬಿಡದೆ ಬಡಿಯತೊಡಗಿತು. ಪೈಪಿನ ಬಾಯಿಂದ ಮೊದಲು ಗಾಳಿ, ನಂತರ ಕೆಸರು, ನಂತರ ತಿಳಿ ನೀರು ಬಂತು.

ಹೋಗುವಾಗ ಭಾಯಿ ಶೆಡ್ಡಿನ ಹೊರಗೆ ನಿಂತು ಹೇಳಿದರು: "ಆ ಹಿಡಿಕಿಗೊಂದು ಹಗ್ಗ ಕಟ್ರಿ ಅಕ್ಕಾರ. ಒಬ್ಬರ ಇದ್ರೂ ಹಗ್ಗ ಜಗ್ಗಿ ಚಾಲೂ ಮಾಡಬಹುದು. ನಿಮ್ಮಣ್ಣಗ ಭಾಳ ಸಲ ಹೇಳಿದ್ದೆ."

"ಏನಂದಿದ್ದ?"

"ಬ್ಯಾಡ ಬಿಡಪಾ ಅಂದಿದ್ದ. ತಂಗಿ ಮನ್ಯಾಗ ಒಬ್ಬಾಕಿನ ಕುಂತಿರ್ತಾಳ, ಈ ನೆವದ ಮ್ಯಾಲೆ ಕರದ್ರ ಹೊಳಿಮಟ ಬರ್ತಾಳ, ಅಂದಿದ್ದ."

ಹಂಚಿನ ಮೇಲಿನ ರೊಟ್ಟಿ ಬಿಟ್ಟು ಬರಬೇಕಾಯಿತೆಂದು ಪ್ರತಿ ಸಲವೂ ಗೊಣಗುತ್ತಿದ್ದವಳು ನಾನು. ಇಂಜಿನ್ ಚಾಲೂ ಆದ ಮೇಲೂ ಸ್ವಲ್ಪ ಹೊತ್ತು ಅಣ್ಣನೂ ನಾನೂ ಅಲ್ಲೇ ಕುಳಿತಿರುತ್ತಿದ್ದೆವು. ಅವನು ಬೀಡಿ ಸೇದುತ್ತಿದ್ದ, ನಾನು ನೀರಲ್ಲಿ ಕಾಲು ಬಿಟ್ಟುಕೊಂಡಿರುತ್ತಿದ್ದೆ. ಇಂಜಿನ್ನಿನ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ, ಆಡುತ್ತಲೂ ಇರಲಿಲ್ಲ.

ಮರುದಿನ ಭಾಯಿ ಮಗಳ ಮನೆಗೆಂದು ಗಂಗಾವತಿಗೆ ಹೋದರು. ನಾನು ಬಾಳೆನಾರಿನ ಹಗ್ಗ ಹೊಸೆದು ಹಿಡಿಕೆಗೆ ಕಟ್ಟಿದೆ. ಹಿಡಿಕೆ ಎತ್ತಿ ನಿಲ್ಲಿಸಿ, ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಎರಡೂ ಕೈಯಿಂದ ತಿರುಗಿಸಿ, ಹಿಡಿಕೆ ಕೆಳಗೆ ಬೀಳುವಂತೆ ಕತ್ತು ಹಿಂದೆ ಜಗ್ಗಿದೆ. ಎರಡು ಸಲ ತಪ್ಪಿತು. ಮೂರನೆಯದಕ್ಕೆ ಹತ್ತಿಕೊಂಡಿತು. ಬಾಯಿ ತುಂಬ ನಾರು, ಡೀಸೆಲ್ ವಾಸನೆ. ಉಗುಳಿ, ಬಾಯಿ ತೊಳೆದುಕೊಂಡು, ಸುಮ್ಮನೆ ಸುತ್ತ ನೋಡಿದೆ. ಆಮೇಲೆ ಸನಿಕೆ ತೆಗೆದುಕೊಂಡು ನೀರು ಕೊನೆಯ ಸಾಲಿಗೆ ಮುಟ್ಟಿತೋ ಇಲ್ಲವೋ ನೋಡಲು ಹೋದೆ.