ನೀರಿಗೆ ಅಂಜುತ್ತಿದ್ದ ಮೇಡಂ

ಸಮುದ್ರಯಾನದ ಪಾಠ ಬಂದರೆ ಮೇಡಂ ಎಡಗೈಯಲ್ಲಿ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಬೆರಳ ಗೆಣ್ಣುಗಳು ಬಿಳಿಚಿಕೊಳ್ಳುತ್ತಿದ್ದವು. ಜೆರುಸಲೇಮಿಗಾಗಿ ಯುದ್ಧಕ್ಕೆ ಹೊರಟ ಯುರೋಪಿನ ದೊರೆಗಳ ಬಗ್ಗೆ ಕೋಲ್ಕತ್ತದಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು ಅವರು, ನನ್ನ ಪಿಎಚ್.ಡಿ. ಗೈಡ್. ತರಗತಿಯಲ್ಲಿ ಇಂಗ್ಲಿಷ್, ನನ್ನೊಬ್ಬಳ ಜೊತೆ ಧಾರವಾಡದ ಕನ್ನಡ.

ನನ್ನ ಮೊದಲ ಅಧ್ಯಾಯದಲ್ಲಿ ಇಂಗ್ಲೆಂಡಿನ ದೊರೆಯ ಹಡಗುಗಳು ಬಿರುಗಾಳಿಗೆ ಚದುರಿದ್ದು ಒಂದೇ ಸಾಲಿನಲ್ಲಿ ಮುಗಿದಿತ್ತು.

“ಹಡಗಿನ್ಯಾಗ ಮಂದಿ ಇದ್ದರಲ್ಲವಾ? ಅವರಿಗೆ ಅಂಜಿಕಿ ಆಗಲಿಲ್ಲೇನು?” ಎಂದರು.

“ಅದಕ್ಕೆ ಆಧಾರ ಬೇಕಲ್ಲ ಮೇಡಂ?”

“ಹುಡುಕು, ಸಿಗ್ತದ. ಜರ್ಮನಿಯ ಚಕ್ರವರ್ತಿ ನೆಲದ ಹಾದಿ ಹಿಡಿದು ಹೋದ. ಅವನೂ ನದಿಯೊಳಗ ಮುಳುಗಿ ಸತ್ತ. ನೀರು ಯಾರನ್ನೂ ಬಿಡೂದಿಲ್ಲ.”

ಹನ್ನೊಂದನೆಯ ವಯಸ್ಸಿನಲ್ಲಿ ಮಲಪ್ರಭೆ ದಾಟುವಾಗ ದೋಣಿ ಮಗುಚಿ, ಪಕ್ಕದಲ್ಲೇ ಕೂತಿದ್ದ ಅಕ್ಕನನ್ನು ಅವರು ಕಳೆದುಕೊಂಡಿದ್ದರು. ಆಮೇಲೆ ದೋಣಿ ಹತ್ತಿದವರಲ್ಲ. ನದಿಯಾಚೆಯ ಹೌರಾಕ್ಕೆ ಹೋಗುವುದಿದ್ದರೆ ಎಷ್ಟೇ ಹೊತ್ತಾಗಲಿ, ಬಸ್ಸಿನಲ್ಲಿ ಸೇತುವೆಯ ಮೇಲೆಯೇ.

ಒಂದು ಮೇ ತಿಂಗಳ ಮಧ್ಯಾಹ್ನ ನಾನು ಮೇಡಂ ಅವರ ಕೋಣೆಯಲ್ಲಿದ್ದಾಗ ಖರಗ್‌ಪುರದಿಂದ ಅಮ್ಮನ ಫೋನ್ ಬಂತು. ಅಪ್ಪ ರೈಲ್ವೆಯಿಂದ ನಿವೃತ್ತರಾಗಿ ಅಲ್ಲೇ ಇದ್ದರು. “ಅಪ್ಪಂಗೆ ಉಸಿರು ಸಿಕ್ತಿಲ್ಲ ಕಣೇ, ಬೇಗ ಬಾ.” ಖರಗ್‌ಪುರದ ರೈಲನ್ನು ಹೌರಾದಲ್ಲಿ ಹಿಡಿಯಬೇಕಿತ್ತು. ಮೇಡಂ ಟ್ಯಾಕ್ಸಿ ಹಿಡಿದು ನನ್ನೊಂದಿಗೆ ತಾವೂ ಕೂತರು. ಅಂದು ಯಾವುದೋ ಮೆರವಣಿಗೆ. ನದಿ ದಂಡೆಯ ಬಾಬುಘಾಟಿನ ಬಳಿ ಟ್ಯಾಕ್ಸಿ ನಿಂತದ್ದು ನಿಂತೇ ಬಿಟ್ಟಿತು. ಎದುರಿಗೇ ಹೌರಾದ ಲಾಂಚ್ ಹೊರಡುತ್ತಿತ್ತು.

“ನೀವು ಇಳೀಬೇಡಿ ಮೇಡಂ, ನಾನೊಬ್ಳೇ ಹೋಗ್ತೀನಿ.”

ಅವರು ಟ್ಯಾಕ್ಸಿಯವನಿಗೆ ದುಡ್ಡು ಕೊಟ್ಟರು. ನನ್ನ ಕೈ ಹಿಡಿದು ಇಳಿದರು.

ನದಿಯ ನಡುವೆ ಆಕಾಶ ಕಪ್ಪಾಯಿತು. ಬಂಗಾಳದ ಬೇಸಿಗೆಯಲ್ಲಿ ದಿಢೀರನೆ ಏಳುವ ಬಿರುಗಾಳಿ ಬಂದಪ್ಪಳಿಸಿತು. ಎಂಜಿನ್ ಕೆಮ್ಮಿ ನಿಂತಿತು. ಲಾಂಚ್ ಅಡ್ಡಡ್ಡ ತಿರುಗಿ ತೇಲತೊಡಗಿತು. “ಬೋಶುನ್, ಬೋಶುನ್” ಎಂದು ಲಾಂಚಿನವನು ಎಲ್ಲರನ್ನೂ ಕೂರಿಸುತ್ತಿದ್ದ. ನೀರು ಒಳನುಗ್ಗಿ ಪಾದ ಮುಳುಗಿತು. ಮೇಡಂ ಹಲ್ಲು ಕಟಕಟಿಸುವುದು ನನಗೆ ಕೇಳುತ್ತಿತ್ತು. ಆದರೂ ಎದ್ದು, ಕಂಬಿಗೆ ಕಟ್ಟಿದ್ದ, ಮುಳುಗದಂತೆ ತೊಡುವ ತೇಲುಬಳೆಯನ್ನು ಬಿಚ್ಚತೊಡಗಿದರು. ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಬಹಳ ಹೊತ್ತು ಹಿಡಿಯಿತು. ತಂದು ನನ್ನ ಕೊರಳಿಗೆ ಹಾಕಿದರು.

“ನಿಮಗೆ?”

“ನಿಮ್ಮಪ್ಪ ನನ್ನ ದಾರಿ ಕಾಯ್ಲಿಕ್ಕತ್ತಿಲ್ಲ. ಸುಮ್ಮನ ಹಾಕ್ಕೋ.”

ಎಂಜಿನ್ ಮತ್ತೆ ಶುರುವಾಯಿತು. ಹೌರಾದ ಮೆಟ್ಟಿಲೇರಿದ ಮೇಡಂ ಗೋಡೆಯ ಪಕ್ಕ ವಾಂತಿ ಮಾಡಿಕೊಂಡರು. ಹತ್ತಿರ ಹೋದರೆ ಕೈಯಿಂದ ತಳ್ಳಿ, “ಓಡು” ಎಂದರು. ಓಡಿ ರೈಲು ಹಿಡಿದೆ.

ಆ ರಾತ್ರಿ ಅಪ್ಪ ನನ್ನ ಗುರುತು ಹಿಡಿದರು. “ಮಳೇಲಿ ಹ್ಯಾಗ್ ಬಂದೆ?” ಎಂದು ಕೇಳಿದರು. ಮರುದಿನ ತೀರಿಕೊಂಡರು.

ಆಮೇಲೆ ಆ ಅಧ್ಯಾಯವನ್ನು ಮತ್ತೆ ಬರೆದೆ. ಹಡಗಿನಲ್ಲಿದ್ದವರು ಅತ್ತದ್ದು, ದೇವರಿಗೆ ಮೊರೆಯಿಟ್ಟದ್ದು ಹಳೆಯ ವೃತ್ತಾಂತಗಳಲ್ಲೇ ಇತ್ತು. ನಾನೇ ದಾಟಿಕೊಂಡು ಓದಿದ್ದೆ.

ಹೋದ ಚಳಿಗಾಲದಲ್ಲಿ ಮೇಡಂ ಬಾಲಿಗಂಜಿನ ಫ್ಲ್ಯಾಟಿನಲ್ಲಿ ತೀರಿಕೊಂಡರು. ಶೋಕಸಭೆಯಲ್ಲಿ ಸಹೋದ್ಯೋಗಿಯೊಬ್ಬರು, ಇಷ್ಟು ವರ್ಷ ಈ ಊರಲ್ಲಿದ್ದೂ ಅವರು ಒಮ್ಮೆಯೂ ಲಾಂಚ್ ಹತ್ತಲಿಲ್ಲ ಎಂದು ಪ್ರೀತಿಯಿಂದ ನಕ್ಕರು. ಆ ದಿನದ ಬಗ್ಗೆ ಮೇಡಂ ಯಾರಿಗೂ ಹೇಳಿರಲಿಲ್ಲ. ನಾನು ಎದ್ದು ನಿಂತು, ಒಂದು ಸಲ ಹತ್ತಿದ್ದರು ಎಂದೆ. ಅಪ್ಪನ ಜೊತೆ ನನಗೆ ಸಿಕ್ಕ ಕೊನೆಯ ಒಂದು ದಿನ ಅವರು ಕೊಟ್ಟದ್ದು ಎಂದೂ ಹೇಳಬೇಕಿತ್ತು. ಅಷ್ಟಕ್ಕೇ ಕೂತುಬಿಟ್ಟೆ.