ಅತ್ತೆ ಕೇಳಿಸಿಕೊಂಡ ಇಂಗ್ಲಿಷ್ ಹಾಡು

ಅಕ್ಕನ ಮದುವೆಯ ಹಂದರದಲ್ಲಿ ಮೈಕ್‌ಸೆಟ್ಟಿನ ಮೆಹಬೂಬ ಸೊಲ್ಲಾಪುರದ ಗುಜರಿಯಿಂದ ತಂದ ಇಂಗ್ಲಿಷ್ ರೆಕಾರ್ಡೊಂದನ್ನು ಹಚ್ಚಿದ. ಕವರಿನ ಮೇಲಿದ್ದ ಕರಿಯ ಹೆಂಗಸಿನ ದನಿ ಮುದ್ದೇಬಿಹಾಳದ ನಮ್ಮ ಓಣಿಯನ್ನೆಲ್ಲ ತುಂಬಿತು. ಎಪ್ಪತ್ತರ ದಶಕ, ಅಂಥದ್ದನ್ನು ನಾವು ಕೇಳಿಯೇ ಇರಲಿಲ್ಲ. ಒಂದು ಶಬ್ದ ತಿಳಿಯದಿದ್ದರೂ ಕುಣಿದೆವು.

ಹೋಳಿಗೆ ಲಟ್ಟಿಸುತ್ತಿದ್ದ ಸೋದರತ್ತೆ ಗಂಗವ್ವ ಹಿಟ್ಟಿನ ಕೈಯಲ್ಲೇ ಹೊರಬಂದಳು.

“ಯಾರು ಸತ್ತಾರ? ಆಕಿ ಹಾಡ್ಯಾಡಿ ಅಳಾಕತ್ತಾಳ, ನೀವು ಕುಣ್ಯಾಕತ್ತೀರಲ್ಲ!”

“ಅದು ಅಮೆರಿಕಾದ ಹಾಡು, ಅತ್ತಿ.”

“ಅಮೆರಿಕಾದಾಗ ಯಾರೂ ಸಾಯಂಗಿಲ್ಲೇನು?”

ಅಪಶಕುನವೆಂದು ಅಪ್ಪ ರೆಕಾರ್ಡು ತೆಗೆಸಿದರು.

ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಕೂತು, ಸತ್ತವರ ಗುಣ ಹಾಡಿ ಹಾಡಿ ಅಳುತ್ತಾರೆ. ಅತ್ತೆಯ ಮಗ ಆಲಮಟ್ಟಿ ಹತ್ತಿರ ಹೊಳೆಯಲ್ಲಿ ಕೊಚ್ಚಿಹೋಗಿದ್ದ. ಹೆಣ ಸಿಗಲಿಲ್ಲ, ಅತ್ತೆ ಅಳಲೂ ಇಲ್ಲ. ದಿನಾ ಅವನ ಪಾಲಿನ ರೊಟ್ಟಿ ತೆಗೆದಿಡುತ್ತಿದ್ದಳು.

ಮರುದಿನ ಹಂದರ ಬಿಚ್ಚುವಾಗ ಅವಳು ಮೆಹಬೂಬನ ಬಳಿ ಬಂದು ಕೂತಳು. “ಆಕೀದು ಇನ್ನೊಮ್ಮಿ ಹಚ್ಚಪಾ” ಎಂದಳು. ರೆಕಾರ್ಡು ತಿರುಗತೊಡಗಿತು. ಅತ್ತೆ ಮಗನ ಹೆಸರು ಹಿಡಿದು ಆ ದನಿಗೆ ದನಿ ಕೂಡಿಸಿದಳು. ಹಾಡು ಮುಗಿದ ಮೇಲೂ ನಿಲ್ಲಿಸಲಿಲ್ಲ.

ಆ ಹಾಡುಗಾರ್ತಿ ಯಾರೆಂದು ನನಗೆ ಇಂದಿಗೂ ತಿಳಿಯದು. ಅವತ್ತು ಸಂಜೆ ಅತ್ತೆ ಮಗನ ರೊಟ್ಟಿ ತೆಗೆದಿಡಲಿಲ್ಲ.