ಕಂಪನಿ ಬಂದ ದಿನ

ಸರ್ ಅವರ ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ, ಬಣ್ಣ ಹಚ್ಚುವ ಒಂದು ಸಣ್ಣ ಬ್ರಷ್ ಇರುತ್ತಿತ್ತು. ಅದರ ಕೂದಲು ಜೇಬಿನಿಂದ ಮೇಲಕ್ಕೆ ಕೆದರಿಕೊಂಡು ನಿಂತಿರುತ್ತಿತ್ತು. ಉಮರ್ಗಾದ ಹೆದ್ದಾರಿ ಧೂಳು ಕೀಬೋರ್ಡಿನ ಸಂದಿಯಲ್ಲಿ ಕೂತರೆ ಅವರಿಗೆ ತಡೆಯುತ್ತಿರಲಿಲ್ಲ. ಪಾಠದ ನಡುವೆಯೇ ನಮ್ಮ ಕೈ ಸರಿಸಿ, ಒಂದೊಂದೇ ಅಕ್ಷರದ ಸುತ್ತ ಬ್ರಷ್ ಆಡಿಸಿ, "ಹೂಂ, ಈಗ ಹೊಡಿ" ಎನ್ನುತ್ತಿದ್ದರು. ಅಷ್ಟರಲ್ಲಿ ಕರೆಂಟು ಹೋಗಿರುತ್ತಿತ್ತು.

ನಮ್ಮ ಸೀಮೆಯ ಊರೂರನ್ನೇ ಕೆಡವಿದ ಭೂಕಂಪವಾಗಿ ಕೆಲವು ವರ್ಷಗಳಾಗಿದ್ದವು. ಆಗ ಪರಿಹಾರಕ್ಕೆಂದು ಬಂದಿದ್ದ ತಗಡಿನ ಒಂದು ಪತ್ರಾ ಶೆಡ್ಡಿನಲ್ಲೇ, ಹೆದ್ದಾರಿಯ ಬದಿಗೆ, ಅವರ ಕಂಪ್ಯೂಟರ್ ಕ್ಲಾಸು. ನಾನು ಗುಂಜೋಟಿಯಿಂದ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಂಪನಿಯ ಮುದ್ರೆ ಇರುವ ಸರ್ಟಿಫಿಕೇಟ್ ತಂದರೆ ನೌಕರಿ ಕೊಡುವುದಾಗಿ ನಿಲಂಗಾದ ಒಂದು ಆಫೀಸಿನವರು ನನಗೆ ಹೇಳಿದ್ದರು. ಕಂಪನಿಯ ಸಾಹೇಬರು ಬಂದು ಕ್ಲಾಸು ನೋಡಿ ಮಾನ್ಯತೆ ಕೊಟ್ಟರೆ ಮಾತ್ರ ಸರ್ ಆ ಮುದ್ರೆ ಒತ್ತಬಹುದಿತ್ತು. ಎಲ್ಲರೂ ಆ ಸಾಹೇಬರ ದಾರಿ ಕಾಯುತ್ತಿದ್ದೆವು.

ಕಂಪನಿ ಅಂದರೆ ಹೊರದೇಶದ ಒಂದು ದೊಡ್ಡ ಕಂಪ್ಯೂಟರ್ ಕಂಪನಿ. ಬೀದರ್ ಕಡೆಯವರಾದ ಸರ್ ಮೊದಲು ಸೊಲ್ಲಾಪುರದಲ್ಲಿ ಅದರ ಮಷೀನುಗಳನ್ನು ರಿಪೇರಿ ಮಾಡುತ್ತಿದ್ದರು. ಆ ಕೆಲಸ ಬಿಟ್ಟರೂ "ನಮ್ಮ ಕಂಪನಿ" ಎನ್ನುವುದನ್ನು ಬಿಡಲಿಲ್ಲ. ಕಂಪನಿ ಮೊದಲು ಲೆಕ್ಕದ ಯಂತ್ರ ಮಾಡುತ್ತಿತ್ತಂತೆ. ಆಮೇಲೆ ತೂತು ಹೊಡೆದ ಕಾರ್ಡು ಓದುವ ಯಂತ್ರ, ಆಮೇಲೆ ಒಂದು ಕೋಣೆ ತುಂಬುವ ಕಂಪ್ಯೂಟರು, ಆಮೇಲೆ ಮೇಜಿನ ಮೇಲೆ ಕೂರುವಂಥದ್ದು. ಇದನ್ನೆಲ್ಲ ನಮ್ಮಿಂದ ಬಾಯಿಪಾಠ ಹೇಳಿಸುತ್ತಿದ್ದರು. ನನಗೋ ಟೈಪಿಂಗ್ ಕೈಗೆ ಹತ್ತಬೇಕಿತ್ತು.

"ಸರ್, ಈ ಪುರಾಣ ತಗೊಂಡು ನಾ ಏನ್ ಮಾಡ್ಲಿ?" ಎಂದು ಒಂದು ದಿನ ಕೇಳೇಬಿಟ್ಟೆ.

"ಸಾಹೇಬ್ರು ಬಂದ್ರ ಇದೇ ಕೇಳತಾರ, ತಂಗಿ. ಮನಿತನ ಕೇಳಲ್ದೆ ಯಾರರ ಬೀಗಸ್ತನ ಮಾಡತಾರೇನು?" ಎಂದರು. ಕಂಪನಿಗೂ ನಮಗೂ ಮಾತುಕತೆ ಮುಗಿದು ಇನ್ನು ಅಕ್ಕಿಕಾಳು ಹಾಕುವುದೊಂದೇ ಬಾಕಿ ಅನ್ನುವ ಹಾಗೆ.

ಕೊನೆಗೆ ಸಾಹೇಬರು ಬರುವ ದಿನ ಬಂತು. ಎದುರಿನ ಚಹಾ ಅಂಗಡಿಯವನಿಗೆ, ಜೀಪು ಕಂಡ ಕೂಡಲೇ ಕೂಗಲು ಸರ್ ಹೇಳಿಟ್ಟಿದ್ದರು. ಅವನು ಕಂಪನಿ ಬಂತೆಂದು ಮರಾಠಿಯಲ್ಲಿ "ಕಂಪನಿ ಆಲಿ" ಅಂತ ಕೂಗಿದ್ದಕ್ಕೂ, ಕಬ್ಬಿನ ಲಾರಿಯೊಂದು ಹಾದು ನಮ್ಮ ಪತ್ರಾ ಗಡಗಡ ಅಂದದ್ದಕ್ಕೂ ಸರಿಹೋಯಿತು. ನಮ್ಮ ಕಿವಿಗೆ ಬಿದ್ದದ್ದು "ಕಂಪ" ಅನ್ನುವುದಷ್ಟೇ. ಆಮೇಲೆ ಯಾರು ಕೂರುತ್ತಾರೆ? ಬೆಂಚು ಕೆಡವಿ, ಚಪ್ಪಲಿ ಬಿಟ್ಟು, ಎಲ್ಲರೂ ಹೊರಗಿನ ಬಯಲಿಗೆ ಓಡಿದೆವು. ಜೀಪಿನಿಂದ ಇಳಿದ ಸಾಹೇಬರಿಗೆ ಕಂಡದ್ದು ಬರಿಗಾಲಲ್ಲಿ ಏದುಸಿರು ಬಿಡುತ್ತ ನಿಂತ ನಾವು, ಖಾಲಿ ಶೆಡ್ಡು, ಅದರೊಳಗೆ ಬ್ರಷ್ ಹಿಡಿದು ನಿಂತಿದ್ದ ಸರ್.

"ಕ್ಲಾಸ್ ಕಾ ಟೈಮ್ ಹೈ ನಾ?" ಎಂದರು ಸಾಹೇಬರು.

"ಹಾಂ ಜೀ" ಎಂದರು ಸರ್. ಮುಂದೆ ಒಂದಕ್ಷರ ಇಲ್ಲ. ನಾನು ಬಾಯಿ ತೆಗೆಯಲು ಹೋದರೆ ಕಣ್ಣಲ್ಲೇ ಗದರಿಸಿದರು. ಸಾಹೇಬರು ನಿಂತಲ್ಲೇ ಚಹಾ ಕುಡಿದು ಹೊರಟರು. ಕಂಪನಿಯ ಮನೆತನ ಅವರು ಯಾರನ್ನೂ ಕೇಳಲಿಲ್ಲ.

ಜೀಪು ಮರೆಯಾದ ಮೇಲೆ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಭೂಕಂಪ ಅಂತ ತಿಳಕೊಂಡು ಹುಡುಗ್ರು ಓಡ್ಯಾರ ಅಂತ ಒಂದ್ ಮಾತ್ ಹೇಳಿದ್ರ ಏನ್ ಆಗ್ತಿತ್ರಿ ಸರ್? ಅವ್ರೂ ಮನುಷ್ಯಾರೇ ಅಲ್ಲೇನು?"

ಸರ್ ಬಿದ್ದ ಬೆಂಚುಗಳನ್ನು ಎತ್ತಿ ನಿಲ್ಲಿಸುತ್ತಿದ್ದರು. "ಈ ಪತ್ರಾ ಭೂಕಂಪದ ಹೆಸರಿಲೆ ಬಂದದ. ಗೋಧಿ ಬಂತು, ಕಂಬಳಿ ಬಂತು, ಅದೂ ಅದರ ಹೆಸರಿಲೆ. ಈ ಮುದ್ರಿ ಒಂದರ ನೀವು ಕಲ್ತು ತಗೋಬೇಕು ಅಂದ್ಕೊಂಡಿದ್ದೆ" ಎಂದರು.

ಮಾತೇನೋ ಚಂದವೇ. ಅದನ್ನು ನಿಲಂಗಾದ ಆಫೀಸಿನಲ್ಲಿ ಯಾರಿಗೆ ತೋರಿಸಲಿ? ಮಾನ್ಯತೆ ಉದಗೀರದ ಒಂದು ಕ್ಲಾಸಿಗೆ ಹೋಯಿತು. ನಾನು ಉದಗೀರಕ್ಕೆ ಹೋಗಿ, ಸಣ್ಣವ್ವನ ಮನೆಯಲ್ಲಿದ್ದು, ಬಂದದ್ದನ್ನೇ ಮತ್ತೆ ಕಲಿತು ಮುದ್ರೆ ಒತ್ತಿಸಿಕೊಂಡು ಬಂದೆ. ಅಷ್ಟರಲ್ಲಿ ನಿಲಂಗಾದ ಜಾಗ ಬೇರೆಯವರ ಪಾಲಾಗಿತ್ತು. ಇನ್ನೊಂದು ನೌಕರಿ ಹತ್ತಲು ವರ್ಷಗಳೇ ಹಿಡಿದವು.

ಸರ್ ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಗುಂಜೋಟಿ ಹುಡುಗಿ ನೀನೇ ಏನವ್ವಾ? ನನ್ನ ಕ್ಲಾಸಿನಾಕಿ ನೌಕರಿ ಹಿಡದಾಳ ಅಂತ ಮನಿಗಿ ಬಂದವ್ರಿಗೆಲ್ಲ ಹೇಳತಿದ್ರು" ಎಂದರು.

ನನ್ನ ಸರ್ಟಿಫಿಕೇಟಿನ ಮೇಲೆ ಉದಗೀರದ ಕ್ಲಾಸಿನ ಹೆಸರಿದೆ ಎಂದು ನಾನು ಅವರಿಗೆ ಹೇಳಲಿಲ್ಲ. ಸರ್ ಹೇಳಿಕೊಂಡದ್ದೇ ಖರೆ, ನನ್ನ ಬೆರಳಿಗೆ ಬಂದದ್ದೆಲ್ಲ ಆ ಪತ್ರಾ ಕೆಳಗೇ. ಅಂದು ಒಂದು ಮಾತು ಆಡಿದ್ದರೆ ಆ ಕಾಗದದ ಮೇಲೆ ಅವರದೇ ಹೆಸರು ಇರುತ್ತಿತ್ತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.